ಗೋಳಗುಮ್ಮಟಕ್ಕೆ ಅಂಧ ಮಕ್ಕಳ ಪ್ರವಾಸ: ದಿಕ್ಕು, ಸದ್ದು, ಸ್ಪರ್ಶದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿಶೇಷ ಶಿಕ್ಷಕಿ, ಹುಬ್ಬಳ್ಳಿ): ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಎಂಟು ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುವವರಿದ್ದೇವೆ. ವಯಸ್ಸು 11ರಿಂದ 14. ಐವರು ಹುಟ್ಟು ಅಂಧರು, ಇಬ್ಬರಿಗೆ ಬೆಳಕು-ಕತ್ತಲೆಯ ಅರಿವಿದೆ, ಒಬ್ಬಳಿಗೆ ಆರು ವರ್ಷದವರೆಗೆ ಕಣ್ಣು ಕಾಣುತ್ತಿತ್ತು. ಇಂಥ ಪ್ರವಾಸದಲ್ಲಿ ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ರೈಲಿನ ಹಾಗೆ ಹೋಗಿ ಬರುತ್ತಾರೆ. ಆಮೇಲೆ ಕೇಳಿದರೆ “ದೊಡ್ಡದಿತ್ತು ಟೀಚರ್” ಅನ್ನುವುದು ಬಿಟ್ಟರೆ ಏನೂ ಇಲ್ಲ. ಯಾವ ಕಡೆಯಿಂದ ಹೊಕ್ಕೆವು, ಕಟ್ಟಡದ ಆಕಾರ ಏನು, ಎಲ್ಲಿ ನಿಂತಿದ್ದೆವು ಅನ್ನುವುದು ಅವರಿಗೆ ಗೊತ್ತಾಗಬೇಕು. ಹೇಗೆ ತಯಾರಿ ಮಾಡಲಿ?

ಉತ್ತರ (ಚಲನವಲನ ತರಬೇತುದಾರ): ಮೇಡಂ, ಮೊದಲು ಆ ರೈಲು ಬಿಡಿಸಿ. ಮುಂದಿನವರ ಹೆಗಲು ಹಿಡಿದ ಮಗುವಿನ ಗಮನವೆಲ್ಲ ಆ ಹೆಗಲ ಮೇಲೇ ಇರುತ್ತದೆ. ಎಲ್ಲಿ ತಿರುಗಿದೆವು, ಎಷ್ಟು ನಡೆದೆವು ಅನ್ನುವುದು ತಲೆಗೆ ಹೋಗುವುದಿಲ್ಲ. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು, ಅಂದರೆ ನಾಲ್ವರು. ಮಗು ದೊಡ್ಡವರ ಮೊಣಕೈಯ ಸ್ವಲ್ಪ ಮೇಲ್ಗಡೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಲಿ. ದೊಡ್ಡವರು ಮಗುವಿನ ಕೈ ಹಿಡಿದು ಎಳೆಯುವುದಲ್ಲ, ಮಗುವೇ ಹಿಡಿಯಬೇಕು. ಹಾಗೆ ಹಿಡಿದರೆ ತಿರುವು, ಏರು, ಇಳಿಜಾರು ಎಲ್ಲ ಆ ತೋಳಿನಿಂದಲೇ ತಿಳಿಯುತ್ತದೆ. ಚಿಕ್ಕ ಮಕ್ಕಳಿಗೆ ಮೊಣಕೈ ಎಟುಕದಿದ್ದರೆ ಮುಂಗೈ ಗಂಟು ಹಿಡಿಯಬಹುದು.

ಇನ್ನೊಂದು ಕೈಯಲ್ಲಿ ಬಿಳಿ ಕೋಲು ಇರಲೇಬೇಕು. ಹೊರಡುವ ಮೊದಲು ಅಳತೆ ನೋಡಿ: ನೆಲದಿಂದ ಎದೆಮೂಳೆಯ ಕೆಳ ತುದಿಯವರೆಗೆ ಬರಬೇಕು. ಈ ವಯಸ್ಸಿನಲ್ಲಿ ಮಕ್ಕಳು ಬೇಗ ಬೆಳೆಯುವುದರಿಂದ ಕಳೆದ ವರ್ಷದ ಕೋಲು ಗಿಡ್ಡವಾಗಿರುತ್ತದೆ. ಗಿಡ್ಡ ಕೋಲು ಮೆಟ್ಟಿಲನ್ನು ತಡವಾಗಿ ತಿಳಿಸುತ್ತದೆ, ಅಷ್ಟರಲ್ಲಿ ಕಾಲು ಮುಂದೆ ಹೋಗಿರುತ್ತದೆ.

ದಿಕ್ಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಡ-ಬಲ ಅನ್ನುವುದು ಮೈಗೆ ಅಂಟಿಕೊಂಡ ದಿಕ್ಕು. ಮಗು ತಿರುಗಿದರೆ ಅದೂ ತಿರುಗುತ್ತದೆ. “ಬಾಗಿಲು ಎಡಕ್ಕಿದೆ” ಅಂದದ್ದು ನಾಲ್ಕು ಹೆಜ್ಜೆ ಆದ ಮೇಲೆ ಸುಳ್ಳು. ಪೂರ್ವ-ಪಶ್ಚಿಮ ಹಾಗಲ್ಲ, ಅದು ಕಟ್ಟಡಕ್ಕೆ ಅಂಟಿಕೊಂಡದ್ದು. ನಮ್ಮ ಹಳ್ಳಿಗಳಲ್ಲಿ “ಮೂಡಲ ಬಾಗಿಲು”, “ಪಡುವಣ ಗೋಡೆ” ಅಂತ ಮನೆಯೊಳಗೂ ಮಾತಾಡುವ ರೂಢಿ ಇತ್ತಲ್ಲ, ಅಂಧ ಮಗುವಿಗೆ ಅದಕ್ಕಿಂತ ಒಳ್ಳೆಯ ಭಾಷೆ ಇಲ್ಲ. ಈಗಿನಿಂದಲೇ ತರಗತಿಯಲ್ಲಿ ಶುರು ಮಾಡಿ: “ನೀರಿನ ಕೊಡ ಉತ್ತರದ ಗೋಡೆಗಿದೆ, ನೀನು ಪೂರ್ವಕ್ಕೆ ಮುಖ ಮಾಡಿದ್ದೀಯ, ಹಾಗಾದರೆ ಕೊಡ ನಿನ್ನ ಯಾವ ಕೈಗೆ?” ದಿನಕ್ಕೆ ಐದು ನಿಮಿಷ ಸಾಕು. ಎಡ-ಬಲವನ್ನು ದಿಕ್ಕಿಗೆ ಜೋಡಿಸುವುದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಗೋಳಗುಮ್ಮಟದಲ್ಲಿ ಇದಕ್ಕೆ ಅನುಕೂಲ ಇದೆ. ಪ್ರವೇಶ ದಕ್ಷಿಣದಿಂದ. ಮುಂದೆ ನಗಾರಖಾನೆ, ಅದರಲ್ಲಿ ಈಗ ವಸ್ತುಸಂಗ್ರಹಾಲಯ. ಅದನ್ನು ದಾಟಿ ಹೋಗುವಾಗ ಮಕ್ಕಳ ಮುಖ ಉತ್ತರಕ್ಕಿರುತ್ತದೆ. ಪಶ್ಚಿಮಕ್ಕೆ, ಅಂದರೆ ಅವರ ಎಡಕ್ಕೆ, ಮಸೀದಿ. ನೀವು ಹೋಗುವುದು ಡಿಸೆಂಬರ್‌ನಲ್ಲಿ. ಆಗ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಿಗ್ಗೆ 8–9ಕ್ಕೆ ಬಿಸಿಲು ಅವರ ಬಲಗಿವಿಯ ಹಿಂದೆ, ಬಲ ಹೆಗಲ ಮೇಲೆ ಬೀಳಬೇಕು. ನಡುಮಧ್ಯಾಹ್ನ ಸರಿಯಾಗಿ ಬೆನ್ನಿಗೆ. ಬಿಸಿಲು ಮುಖಕ್ಕೆ ಬಂತೆಂದರೆ ತಿರುಗಿ ದಕ್ಷಿಣಕ್ಕೆ ಹೊರಟಿದ್ದೇವೆ ಅಂತ ಮಗುವೇ ಹೇಳಬಲ್ಲದು. ಒಂದು ಎಚ್ಚರಿಕೆ: ಇದೇ ಪಾಠವನ್ನು ಬೇಸಿಗೆಯಲ್ಲಿ ಮಾಡಿದರೆ ಮಧ್ಯಾಹ್ನದ ಬಿಸಿಲು ಕೆಲಸಕ್ಕೆ ಬರುವುದಿಲ್ಲ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ವಿಜಯಪುರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ.

“ಅಲ್ಲಿ”, “ಆ ಕಡೆ”, “ಇಷ್ಟು ದೊಡ್ಡದು” ಅನ್ನುವ ಮಾತುಗಳನ್ನು ಜೊತೆಗೆ ಬರುವ ನಾಲ್ವರೂ ಬಿಡಬೇಕು. ಮಗುವಿಗೆ ಎದುರಾಗಿ ನಿಂತು ಎಡ-ಬಲ ಹೇಳಬೇಡಿ, ನಿಮ್ಮದು ತಿರುಗುಮುರುಗಾಗುತ್ತದೆ. ಮಗುವಿನ ಪಕ್ಕದಲ್ಲಿ, ಅದೇ ಕಡೆ ಮುಖ ಮಾಡಿ ನಿಂತು ಹೇಳಿ.

ಪ್ರಶ್ನೆ (ಪೋಷಕರು, ಧಾರವಾಡ): ಸರ್, ಅಂಧರಿಗೆ ದೇವರು ಕಿವಿ ಚುರುಕು ಕೊಟ್ಟಿರ್ತಾನೆ ಅಂತಾರಲ್ಲ, ಇಷ್ಟೆಲ್ಲ ಕಲಿಸಬೇಕಾ? ನನ್ನ ಮಗ ಗೋಡೆ ಹತ್ತಿರ ಬಂದರೆ ತಾನಾಗಿ ನಿಲ್ತಾನೆ.

ಉತ್ತರ (ಚಲನವಲನ ತರಬೇತುದಾರ): ನಿಲ್ಲುವುದು ನಿಜ, ಆದರೆ ಅದು ಕಲಿತದ್ದು. ಮುಖಕ್ಕೆ ಗೋಡೆಯ “ಒತ್ತಡ” ತಾಗುತ್ತದೆ ಅಂತ ಬಹಳ ಅಂಧರು ಹೇಳುತ್ತಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 1944ರಲ್ಲಿ ಪ್ರಕಟಿಸಿದರು. ಕಿವಿ ಮುಚ್ಚಿದಾಗ ಆ ಅರಿವು ಹೋಗಿಬಿಟ್ಟಿತು. ಮುಖಕ್ಕೆ ತಾಗುತ್ತಿದೆ ಅನ್ನಿಸಿದ್ದು ಹೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುವುದು. ಕಣ್ಣು ಕಟ್ಟಿಕೊಂಡ ದೃಷ್ಟಿಯುಳ್ಳವರೂ ಅಭ್ಯಾಸದಿಂದ ಅದನ್ನು ಕಲಿತರು. ನಿಮ್ಮ ಮಗ ಒಳ್ಳೆಯ ಅಭ್ಯಾಸ ಮಾಡಿಕೊಂಡಿದ್ದಾನೆ. ಆದರೆ ಜೋರು ಮಳೆ, ಜನರೇಟರ್ ಸದ್ದು, ಕಿವಿ ಮುಚ್ಚುವ ಮಫ್ಲರ್ ಇದ್ದಾಗ ಅದು ಕೈಕೊಡುತ್ತದೆ. ಗೋಳಗುಮ್ಮಟದೊಳಗೂ ಕೈಕೊಡುತ್ತದೆ, ಅದನ್ನು ಗೈಡ್ ಸರ್ ಹೇಳಿದರೆ ಒಳ್ಳೆಯದು.

ಉತ್ತರ (ಪಾರಂಪರಿಕ ತಾಣಗಳ ಗೈಡ್, ವಿಜಯಪುರ): ಹೌದ್ರೀ, ಅಲ್ಲೇ ಎಲ್ಲರೂ ಎಡವೋದು. ಸಾಮಾನ್ಯ ಕೋಣೆಯಲ್ಲಿ ದನಿ ಎಲ್ಲಿಂದ ಬಂತೋ ಅಲ್ಲೇ ಮನುಷ್ಯ ಇರ್ತಾನೆ. ಗುಮ್ಮಟದ ಗ್ಯಾಲರಿಯಲ್ಲಿ, ಅಂದರೆ ಮೇಲೆ ಗುಮ್ಮಟದ ಒಳಗೋಡೆಯ ಸುತ್ತಲೂ ಓಡಾಡೋ ಜಾಗದಲ್ಲಿ, ಹಂಗಲ್ಲ. ನೀವು ಮಗುವಿನ ಬಲಕ್ಕೆ ನಿಂತು “ಇಲ್ಲಿ ಬಾ” ಅಂದರೆ ದನಿ ಎದುರಿನ ಗೋಡೆಯಿಂದಲೂ ಬರ್ತದೆ, ಹಿಂದಿನಿಂದಲೂ ಬರ್ತದೆ. ಮಗು ದನಿಯ ಕಡೆ ಹೆಜ್ಜೆ ಇಟ್ಟರೆ ಅಪಾಯ. ಗ್ಯಾಲರಿಯೊಳಗೆ ದನಿಯಿಂದ ಕರೆಯೋದೇ ಬೇಡ, ತೋಳು ಮುಟ್ಟಿ ಕರೆಯಿರಿ. ಇದನ್ನು ಕೆಳಗಿರುವಾಗಲೇ ಮಕ್ಕಳಿಗೂ ಹೇಳಿ.

ಕ್ರಮ ಹೀಗಿಟ್ಟುಕೊಳ್ಳಿ. ಬೆಳಿಗ್ಗೆ ಗೇಟು ತೆರೆಯೋ ಹೊತ್ತಿಗೇ ಬನ್ನಿ. ಶಾಲಾ ಪ್ರವಾಸದ ಬಸ್ಸುಗಳು ಬಂದರೆ ಕೂಗಾಟದಲ್ಲಿ ಏನೂ ತಿಳಿಯೋದಿಲ್ಲ. ಮೊದಲು ಕೆಳಗಿನ ಹಾಲ್‌ನಲ್ಲಿ ಒಂದು ಗೋಡೆ ಹಿಡಿದು ಮೂಲೆಯಿಂದ ಮೂಲೆಗೆ ನಡೆಸಿ. ಒಳಗಿನ ಒಂದು ಪಕ್ಕ ಸುಮಾರು 41 ಮೀಟರ್. ಅರ್ಧ ಮೀಟರ್ ಹೆಜ್ಜೆ ಇಡುವ ಮಗುವಿಗೆ 82 ಹೆಜ್ಜೆ. ಶಾಲೆಯ ತರಗತಿ ಎಷ್ಟು ಹೆಜ್ಜೆ ಅಂತ ಮೊದಲೇ ಎಣಿಸಿಕೊಂಡು ಬಂದಿದ್ದರೆ “ಟೀಚರ್, ನಮ್ಮ ಕ್ಲಾಸು ಐದು ಸಲ ಹಿಡಿಸ್ತದೆ” ಅಂತ ಅವರೇ ಲೆಕ್ಕ ಹೇಳ್ತಾರೆ. ನಡುವೆ ಹಾಯಬೇಡಿ, ಅಲ್ಲಿ ಸಮಾಧಿಗಳ ಎತ್ತರದ ಕಟ್ಟೆ ಇದೆ. ಮೇಲಿರೋದು ಸಮಾಧಿಗಳ ಪ್ರತಿರೂಪ. ಮೊಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ನಿಜವಾದ ಸಮಾಧಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಈ ಹಾಲ್‌ನೊಳಗೆ ಆಸರೆಗೆ ಒಂದು ಕಂಬವೂ ಇಲ್ಲ ಅನ್ನೋದನ್ನು ಹೇಳೋದಕ್ಕಿಂತ, ನಾಲ್ಕೂ ಮೂಲೆಯಲ್ಲಿ ಇಬ್ಬಿಬ್ಬರು ನಿಂತು ಸರದಿಯಂತೆ ಒಂದೊಂದು ಚಪ್ಪಾಳೆ ಹೊಡೆಯಲಿ. ನಡುವೆ ಏನೂ ಅಡ್ಡ ಇಲ್ಲ ಅನ್ನೋದು ಕಿವಿಗೇ ತಿಳೀತದೆ.

ಮೇಲೆ ಹತ್ತೋದು ಮೂಲೆಯ ಮಿನಾರಿನೊಳಗಿನ ಸುತ್ತು ಮೆಟ್ಟಿಲಿಂದ. ಮಿನಾರು ಎಂಟು ಪಕ್ಕದ್ದು, ಏಳು ಅಂತಸ್ತಿಂದು. ಹೊರ ಗೋಡೆ ಹಿಡಿದು ಹತ್ತಿಸಿ, ಅಲ್ಲಿ ಮೆಟ್ಟಿಲು ಅಗಲ ಇರ್ತದೆ. ಒಳ ಪಕ್ಕ ಪಾದ ಪೂರ್ತಿ ಊರೋದಿಲ್ಲ. ಮೇಲಿಂದ ಇಳಿಯುವ ಗುಂಪು ಬಂದರೆ ಮಕ್ಕಳನ್ನು ಒಳಕ್ಕೆ ಸರಿಸಬೇಡಿ, ನಿಲ್ಲಿಸಿ, ಅವರೇ ಸರಿದು ಹೋಗಲಿ. ಸುತ್ತುವಾಗ ದಿಕ್ಕು ಪೂರ್ತಿ ಕಳೆದುಹೋಗ್ತದೆ. ಮಾಳಿಗೆಗೆ ಬಂದ ಕೂಡಲೇ ಎರಡು ನಿಮಿಷ ನಿಂತು ಬಿಸಿಲು ಎಲ್ಲಿದೆ ಅಂತ ಹುಡುಕಿ ದಿಕ್ಕು ಮತ್ತೆ ಹಿಡೀರಿ.

ಆಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಜಾಗ. ಮಾಳಿಗೆಯಿಂದ ಗ್ಯಾಲರಿಗೆ ಹೋಗೋ ಬಾಗಿಲು ಗುಮ್ಮಟದ ಬುಡದಲ್ಲೇ ಕೊರೆದದ್ದು. ಬುಡದಲ್ಲಿ ಗುಮ್ಮಟದ ದಪ್ಪ ಸುಮಾರು 3 ಮೀಟರ್. ಕಾಣುವವರು ಅದನ್ನು ಒಂದೇ ಉಸಿರಿಗೆ ದಾಟಿ ಒಳಗೆ ಓಡ್ತಾರೆ. ನಿಮ್ಮ ಮಕ್ಕಳು ಎರಡೂ ಕೈ ಚಾಚಿ, ಗೋಡೆಗೆ ಹಸ್ತ ತಾಗಿಸಿ, ಹೆಜ್ಜೆ ಎಣಿಸುತ್ತಾ ಹೋಗಲಿ. ಆರು ಹೆಜ್ಜೆ ಕಲ್ಲು-ಗಾರೆಯ ನಡುವೆ ನಡೆದದ್ದೇ ಗುಮ್ಮಟದ ದಪ್ಪ. ಹೊರಗಿನ ಗಾಳಿ ನಿಂತು, ಒಳಗಿನ ಗುಂಯ್ ಅನ್ನೋ ತಂಪು ಶುರುವಾಗೋದೂ ಅಲ್ಲೇ ಗೊತ್ತಾಗ್ತದೆ.

ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ, ಅಗಲ 3 ಮೀಟರಿಗಿಂತ ಸ್ವಲ್ಪ ಹೆಚ್ಚು. ಪ್ರತಿ ಮಗುವಿಗೂ ಒಳ ಅಂಚಿನ ಕಡೆ ಒಬ್ಬ ದೊಡ್ಡವರು ಇರಲಿ. ಒಂದು ಸಲಕ್ಕೆ ನಾಲ್ಕೇ ಮಕ್ಕಳು, ಉಳಿದವರು ಮಾಳಿಗೆಯಲ್ಲಿ ಇಬ್ಬರ ಜೊತೆ ಕೂತಿರಲಿ. ಹಾಗಾದರೆ ಕೆಳಗಿನ ನಾಲ್ವರು ಸಾಲೋದಿಲ್ಲ, ಮೇಲಕ್ಕೆ ಆರು ಜನ ಬೇಕು.

ಪಿಸುಮಾತಿನ ಪ್ರಯೋಗ ಬಹಳ ಸಲ ಕೆಡೋದು ಯಾಕಂದರೆ ಎದುರಿಗಿರೋ ಗೆಳೆಯನ ಕಡೆ ಮುಖ ಮಾಡಿ ಮಾತಾಡ್ತಾರೆ. ತಪ್ಪು. ಗೋಡೆಯ ಪಕ್ಕ ಕೂತು, ಬಾಯಿ ಗೋಡೆಗೆ ಒಂದು ಗೇಣು ದೂರ ಇಟ್ಟು, ಗೋಡೆಯ ಉದ್ದಕ್ಕೆ ಪಿಸುಗುಟ್ಟಬೇಕು. ಎದುರಿನವರು ಕಿವಿಯನ್ನು ಗೋಡೆಯ ಹತ್ತಿರ ಇಟ್ಟಿರಬೇಕು. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡು ಸುತ್ತಿ ಬರ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಅಂದರೆ ಅರ್ಧ ಸುತ್ತು ಹೆಚ್ಚುಕಡಿಮೆ 60 ಮೀಟರ್. ಪಿಸುಮಾತು ಅದನ್ನು ಸೆಕೆಂಡಿನ ಆರನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಚಪ್ಪಾಳೆಯಾದರೆ ಒಂದೇ ಒಂದು ಹೊಡೆದು ಸುಮ್ಮನಿರಿ, ಏಳಕ್ಕೂ ಹೆಚ್ಚು ಸಲ ವಾಪಸ್ಸು ಬರ್ತದೆ. ಎರಡು ಹೊಡೆದರೆ ಎಣಿಕೆ ಕಲಸಿಹೋಗ್ತದೆ.

ಪ್ರಶ್ನೆ (ವಿಶೇಷ ಶಿಕ್ಷಕಿ): ಸರ್, ಆರು ಹೆಜ್ಜೆ ಅನ್ನುವುದನ್ನು ಓದಿ ಮೈ ಜುಮ್ಮೆಂದಿತು. ಆದರೆ ಹುಟ್ಟು ಅಂಧ ಮಗುವಿಗೆ “ಗುಮ್ಮಟ” ಅಂದರೆ ಏನು ಅಂತ ಮೊದಲು ತಿಳಿಯಬೇಕಲ್ಲ? ಮಾದರಿ ಮಾಡಿದರೆ ಯಾವ ಅಳತೆಯಲ್ಲಿ?

ಉತ್ತರ (ಸ್ಪರ್ಶ ಮಾದರಿ ತಯಾರಕರು): 1:200 ಸರಿಹೋಗುತ್ತದೆ ಮೇಡಂ. ಎರಡು ಕೈಯಲ್ಲಿ ಒಟ್ಟಿಗೆ ತಬ್ಬುವಷ್ಟಿರಬೇಕು. ಅದಕ್ಕಿಂತ ದೊಡ್ಡದಾದರೆ ಮಗುವಿಗೆ ತುಂಡುತುಂಡಾಗಿ ಸಿಗುತ್ತದೆ, ಚಿಕ್ಕದಾದರೆ ಬಾಗಿಲು ಬೆರಳಿಗೆ ಸಿಗುವುದಿಲ್ಲ. ಕಟ್ಟಡದ ಹೊರ ಪಕ್ಕ 47.5 ಮೀಟರ್, ಆದ್ದರಿಂದ ದಪ್ಪ ರಟ್ಟಿನ ಪೆಟ್ಟಿಗೆ 24 ಸೆಂ.ಮೀ. ಚೌಕ. ಗ್ಯಾಲರಿಯ ಮಟ್ಟಕ್ಕೆ ಎತ್ತರ 16.5 ಸೆಂ.ಮೀ. ಗುಮ್ಮಟದ ಹೊರವ್ಯಾಸ 44 ಮೀಟರ್, ಅಂದರೆ 22 ಸೆಂ.ಮೀ. ಬಾಯಿಯ ಉರುಟು ಬೋಗುಣಿ ಕವುಚಿ ಹಾಕಿ. ಅಂಟಿಸಬೇಡಿ, ತೆಗೆದು ಒಳಗೆ ಕೈ ಹಾಕುವಂತಿರಲಿ. ಒಳಗಡೆ 1.6 ಸೆಂ.ಮೀ. ಅಗಲದ ರಟ್ಟಿನ ಉಂಗುರ ಗ್ಯಾಲರಿ. ದಕ್ಷಿಣ ಬಾಗಿಲ ಮುಂದೆ ಒಂದು ಅಕ್ಕಿ ಕಾಳನ್ನು ನಿಲ್ಲಿಸಿ ಅಂಟಿಸಿ. ಈ ಅಳತೆಯಲ್ಲಿ ಒಂದೂವರೆ ಮೀಟರಿನ ಮಗು ಏಳೂವರೆ ಮಿ.ಮೀ., ಹೆಚ್ಚುಕಡಿಮೆ ಅಷ್ಟೇ. “ಇದು ನೀನು” ಅನ್ನಿ. ಉಳಿದ ಯಾವ ವಿವರಣೆಯೂ ಗಾತ್ರವನ್ನು ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಚೌಕದ ಮೇಲೆ ಉರುಟು ಹೇಗೆ ಕೂತಿತು ಅನ್ನುವುದು ಈ ಕಟ್ಟಡದ ನಿಜವಾದ ಜಾಣ್ಮೆ. ಒಂದೇ ಅಳತೆಯ ಎರಡು ಚೌಕಗಳನ್ನು ಬಿದಿರು ಕಡ್ಡಿಯಲ್ಲಿ ಮಾಡಿ, ಒಂದರ ಮೇಲೊಂದನ್ನು 45 ಡಿಗ್ರಿ ತಿರುಗಿಸಿ ಕಟ್ಟಿ. ಹೊರಗೆ ಎಂಟು ಮೂಲೆಯ ನಕ್ಷತ್ರ, ಒಳಗೆ ಎಂಟು ಪಕ್ಕದ ಬಯಲು ಬೆರಳಿಗೆ ಸಿಗುತ್ತದೆ. ಅಲ್ಲಿ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಮಾಡಿರುವುದು ಇದನ್ನೇ. ಆ ಎಂಟು ಪಕ್ಕದ ಮೇಲೆ ಒಂದು ಬಳೆಯಿಟ್ಟು ತೋರಿಸಿ. ಕಣ್ಣು ಕಾಣುವವರಲ್ಲೂ ಬಹಳ ಜನ ಇದನ್ನು ಗಮನಿಸದೆ ಬಂದಿರುತ್ತಾರೆ.

ಪ್ರತಿಕ್ರಿಯೆ (ಬ್ರೈಲ್ ಪಠ್ಯ ಪರಿಶೀಲಕರು, ಸ್ವತಃ ಅಂಧರು): ಎಲ್ಲ ಸರಿ, ಎರಡು ಮಾತು ಸೇರಿಸುತ್ತೇನೆ. ಮಾದರಿ ತೋರಿಸುವಾಗ ಮಗುವಿನ ಬೆರಳು ಹಿಡಿದು ಒತ್ತಬೇಡಿ. ನಿಮ್ಮ ಕೈ ಮಾದರಿಯ ಮೇಲಿರಲಿ, ಮಗುವಿನ ಕೈ ನಿಮ್ಮ ಕೈಯ ಮೇಲಿರಲಿ. ದಾರಿ ಸಿಕ್ಕ ಮೇಲೆ ನಿಮ್ಮ ಕೈ ಮೆಲ್ಲಗೆ ತೆಗೆಯಿರಿ. ಮೊದಲ ಸುತ್ತಿನಲ್ಲಿ ಮಾತೇ ಬೇಡ. ಬೆರಳು ಓದುವಾಗ ಕಿವಿಗೆ ಮಾತು ತುಂಬಿದರೆ ಎರಡೂ ಹಿಡಿಯುವುದಿಲ್ಲ. ಇನ್ನು, ಮಾದರಿಯನ್ನು ಮೇಜಿನ ಮೇಲೆ ಇಡುವಾಗ ಅದರ ಉತ್ತರ ನಿಜವಾದ ಉತ್ತರಕ್ಕೇ ಇರಬೇಕು. ಅಡ್ಡ ಇಟ್ಟರೆ ಮಗು ತಲೆಯಲ್ಲಿ ಕಟ್ಟಡವನ್ನೇ ತಿರುಗಿಸಿಕೊಂಡು ಹೋಗಬೇಕಾಗುತ್ತದೆ, ಅದು ದೊಡ್ಡವರಿಗೂ ಕಷ್ಟ.

ಪ್ರಶ್ನೆ (ಸ್ವಯಂಸೇವಕ, ಹಾಸನ): ಇದೇ ರೀತಿ ಹಳೇಬೀಡಿಗೆ ಕರೆದುಕೊಂಡು ಹೋದರೆ ಶಿಲ್ಪ ಮುಟ್ಟಲು ಬಿಡುತ್ತಾರಾ?

ಉತ್ತರ (ಸಂರಕ್ಷಣಾ ಕೆಲಸದವರು): ಕೇಳದೆ ಮುಟ್ಟಿಸಬೇಡಿ. ಹೊಯ್ಸಳರ ಬಳಪದ ಕಲ್ಲು ಮೃದು, ಅದಕ್ಕೇ ಅಷ್ಟು ನಾಜೂಕು ಕೆತ್ತನೆ ಸಾಧ್ಯವಾದದ್ದು. ಕೈಯ ಬೆವರು, ಎಣ್ಣೆ ಕೂತು ಉಬ್ಬಿದ ಭಾಗಗಳು ಸವೆಯುತ್ತವೆ, ಕಪ್ಪಾಗುತ್ತವೆ. ಪುರಾತತ್ವ ಇಲಾಖೆಗೆ ಮುಂಚೆಯೇ ಪತ್ರ ಬರೆಯಿರಿ. ಮಕ್ಕಳ ಸಂಖ್ಯೆ, ದಿನ, ಹೊತ್ತು, ಯಾವ ಭಾಗ ಮುಟ್ಟಬೇಕು ಅನ್ನುವುದನ್ನು ಸ್ಪಷ್ಟವಾಗಿ ನಮೂದಿಸಿ. “ಎಲ್ಲ ಶಿಲ್ಪ” ಅಂತ ಕೇಳಿದರೆ ಆಗುವುದಿಲ್ಲ ಅನ್ನುತ್ತಾರೆ, ಅದು ಸರಿಯೂ ಹೌದು. ಒಪ್ಪಿದರೆ ಉಂಗುರ, ಬಳೆ, ವಾಚು ತೆಗೆಸಿ, ಕೈ ತೊಳೆದು ಒಣಗಿಸಿ, ಬೆರಳ ತುದಿಯಿಂದಷ್ಟೇ ಮುಟ್ಟಿಸಿ, ಉಗುರು ತಾಗದಿರಲಿ.

ಒಪ್ಪದಿದ್ದರೂ ಬರಿಗೈಯಲ್ಲಿ ಬರಬೇಕಿಲ್ಲ. ಹೊಯ್ಸಳರ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಗುಡಿಯ ಆಕಾರವನ್ನೇ ಅನುಸರಿಸುತ್ತದೆ. ಬರಿಗಾಲಲ್ಲಿ ಅದರ ಮೇಲೆ ಪ್ರದಕ್ಷಿಣೆ ಬಂದರೆ ಗೋಡೆಯ ಮೂಲೆಮುರಿಗಳು ತಿರುವುಗಳಾಗಿ ಕಾಲಿಗೇ ಸಿಗುತ್ತವೆ. ಸೋಮನಾಥಪುರದ ಕೇಶವ ಗುಡಿ ಇದಕ್ಕೆ ಇನ್ನೂ ಒಳ್ಳೆಯದು. 1258ರದು, ಮೂರು ಗರ್ಭಗುಡಿ, ನಕ್ಷತ್ರದ ತಳವಿನ್ಯಾಸ. ಅಲ್ಲಿ ಜಗತಿ ಸುಮಾರು 3 ಅಡಿ ಎತ್ತರ, ಅಂಚಿಗೆ ಕಂಬಿ ಇಲ್ಲ, ಹಾಗಾಗಿ ಮಗು ಗೋಡೆಯ ಕಡೆ, ನೀವು ಅಂಚಿನ ಕಡೆ. ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಅಂತ ಕೆಳಗಿನಿಂದ ಮೇಲಕ್ಕೆ ಅಲ್ಲಿ ಆರು ಪಟ್ಟಿಕೆಗಳಿವೆ. ಇವನ್ನು ಮೊದಲೇ ಜೇಡಿಮಣ್ಣಿನಲ್ಲಿ ಮಕ್ಕಳ ಕೈಯಿಂದಲೇ ಮಾಡಿಸಿ. ಅಲ್ಲಿ ನಿಂತಾಗ “ನಿನ್ನ ಮೊಣಕಾಲ ಹತ್ತಿರ ಆನೆ ಸಾಲು” ಅಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಪ್ರಶ್ನೆ (ವಿಶೇಷ ಶಿಕ್ಷಕಿ): ಕೊನೆಯದೊಂದು. ಮಾದರಿಯನ್ನು ಪ್ರವಾಸಕ್ಕೆ ಮೊದಲು ತೋರಿಸಲೋ, ಆಮೇಲೋ?

ಉತ್ತರ (ಚಲನವಲನ ತರಬೇತುದಾರ): ಎರಡೂ ಸಲ. ಹಿಂದಿನ ವಾರ ಒಮ್ಮೆ, ಅರ್ಧ ಗಂಟೆ. ಬಂದ ಮರುದಿನ ಮತ್ತೊಮ್ಮೆ, ಆಗ ನೀವು ಸುಮ್ಮನಿದ್ದು ಮಕ್ಕಳಿಂದ ಹೇಳಿಸಿ: ಎಲ್ಲಿ ಹೊಕ್ಕೆ, ಯಾವ ಮಿನಾರು ಹತ್ತಿದೆ, ಪಿಸುಮಾತು ಕೇಳಿದಾಗ ಯಾವ ದಿಕ್ಕಿನಲ್ಲಿ ಕೂತಿದ್ದೆ. ಯಾವ ಮಿನಾರು ಅನ್ನುವುದರಲ್ಲಿ ಬಹಳ ಮಕ್ಕಳು ತಪ್ಪುತ್ತಾರೆ, ಸುತ್ತು ಮೆಟ್ಟಿಲಿನ ಕಾರಣಕ್ಕೆ. ತಿದ್ದುವ ಅವಸರ ಬೇಡ. “ಮಾಳಿಗೆಗೆ ಬಂದಾಗ ಬಿಸಿಲು ಎಲ್ಲಿ ತಾಗಿತು?” ಅಂತ ಕೇಳಿ, ಬೆರಳು ತಾನೇ ಸರಿಯಾದ ಮೂಲೆಗೆ ಹೋಗುತ್ತದೆ.