ಸಮತಲಕ್ಕೆ ಹೆಸರಿಡುವಾಗ ಯಾವ ಬಿಂದುಗಳನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದಲ್ಲಿದ್ದೇವೆ. ಮಗಳಿಗೆ ಶಾಲೆಯಲ್ಲಿ ಈ ವರ್ಷ ರೇಖಾಗಣಿತ ಶುರುವಾಗಿದೆ. ಅವಳ ಅಭ್ಯಾಸದ ಹಾಳೆಯೊಂದರಲ್ಲಿ ಸಮತಲವನ್ನು ವಾಡಿಕೆಯಂತೆ ಓರೆಯಾದ ಸಮಾಂತರ ಚತುರ್ಭುಜವಾಗಿ ಬಿಡಿಸಿ, ಮೂಲೆಯಲ್ಲಿ ‘ಎಂ’ ಎಂದು ಬರೆದಿದ್ದಾರೆ. ಒಳಗೆ ಒಂದು ಸರಳರೇಖೆಯಿದ್ದು, ಅದರ ಮೇಲೆ ಎ, ಬಿ, ಸಿ ಎಂಬ ಬಿಂದುಗಳಿವೆ. ಡಿ ಬಿಂದು ರೇಖೆಯ ಹೊರಗಿದ್ದರೂ ಅದೇ ಸಮತಲದಲ್ಲಿದೆ. ಈ ಸಮತಲಕ್ಕೆ ಮೂರು ಹೆಸರುಗಳನ್ನು ಕೊಡಬೇಕು. ಮಗಳು ಬರೆದ ‘ಸಮತಲ ಎಬಿಡಿ’ಗೆ ಅಂಕ ಸಿಕ್ಕಿದೆ, ‘ಸಮತಲ ಎಬಿಸಿ’ ಮತ್ತು ‘ಸಮತಲ ಎಂಎಡಿ’ ಎರಡನ್ನೂ ತಪ್ಪೆಂದು ಹೊಡೆದುಹಾಕಿದ್ದಾರೆ. ಎ, ಬಿ, ಸಿ ಮೂರೂ ಆ ಸಮತಲದಲ್ಲೇ ಇರುವಾಗ ಅವುಗಳಿಂದ ಹೆಸರಿಡುವುದು ಹೇಗೆ ತಪ್ಪಾಗುತ್ತದೆ? ದಯವಿಟ್ಟು ತಿಳಿದವರು ವಿವರಿಸಬೇಕು.

ಉತ್ತರ 1 (ಪ್ರೌಢಶಾಲಾ ಗಣಿತ ಶಿಕ್ಷಕಿ)

ಮೌಲ್ಯಮಾಪನ ಸರಿಯಾಗಿಯೇ ಇದೆ. ಬಿಂದುಗಳು ಸಮತಲದಲ್ಲಿವೆ ಎಂಬುದಷ್ಟೇ ಸಾಲದು. ಆ ಬಿಂದುಗಳಿರುವ ಸಮತಲ ಅದೊಂದೇ ಆಗಿರಬೇಕು. ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದು ಮತ್ತು ಒಂದೇ ಸಮತಲ ಹಾದುಹೋಗುತ್ತದೆ ಎಂಬ ಸ್ವಯಂಸಿದ್ಧದ ಮೇಲೆಯೇ ಮೂರಕ್ಷರದ ಹೆಸರು ನಿಂತಿದೆ. ಎ, ಬಿ, ಸಿ ಸರಳರೇಖಾಗತವಾಗಿರುವುದರಿಂದ ಅವುಗಳ ಮೂಲಕ ಅಸಂಖ್ಯ ಸಮತಲಗಳು ಹಾದುಹೋಗುತ್ತವೆ, ಹಾಗಾಗಿ ‘ಎಬಿಸಿ’ ಎಂದರೆ ಅವುಗಳಲ್ಲಿ ಯಾವುದೆಂದು ಹೇಳಲಾಗದು. ಒಂದರ ಮೇಲೊಂದು ಮೂರು ಕೀಲುಗಳಿರುವ ಬಾಗಿಲನ್ನು ನೋಡಿ: ಕೀಲುಗಳು ಎಷ್ಟೇ ಇರಲಿ, ಬಾಗಿಲು ತಿರುಗುತ್ತಲೇ ಇರುತ್ತದೆ, ಆಚೆಯಂಚಿನಲ್ಲಿ ಚಿಲಕ ಹಾಕಿದಾಗ ಮಾತ್ರ ಒಂದು ಸ್ಥಾನದಲ್ಲಿ ನಿಲ್ಲುತ್ತದೆ. ನಿಮ್ಮ ಚಿತ್ರದಲ್ಲಿ ಆ ಚಿಲಕವೇ ಡಿ.

ಎರಡನೆಯ ತಪ್ಪು ಬೇರೆ ಬಗೆಯದು. ಮೂಲೆಯಲ್ಲಿರುವ ಎಂ ಬಿಂದುವಲ್ಲ, ಇಡೀ ಸಮತಲದ ಹೆಸರು. ಅದರ ಪಕ್ಕದಲ್ಲಿ ಚುಕ್ಕೆ ಇಲ್ಲದಿರುವುದನ್ನು ಗಮನಿಸಿ. ‘ಸಮತಲ ಎಂ’ ಎಂದು ಬರೆದಿದ್ದರೆ ಅಂಕ ಸಿಗುತ್ತಿತ್ತು. ಮುದ್ರಿತ ಪುಸ್ತಕಗಳಲ್ಲಿ ಈ ಅಕ್ಷರವನ್ನು ಸಾಮಾನ್ಯವಾಗಿ ಓರೆಯಾಗಿಯೋ ಅಲಂಕಾರಿಕವಾಗಿಯೋ ಅಚ್ಚು ಹಾಕುತ್ತಾರೆ, ಕೈಬರಹದ ಹಾಳೆಯಲ್ಲಿ ಆ ಗುರುತು ಕಾಣುವುದಿಲ್ಲ.

ಉತ್ತರ 2

ಮೇಲಿನ ವಿವರಣೆಗೆ ಸ್ವಲ್ಪ ಸೇರಿಸುತ್ತೇನೆ. ಅಕ್ಷರಗಳ ಕ್ರಮ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೋನ ಎಬಿಡಿ ಎಂದರೆ ಶೃಂಗ ಬಿ ಆಗಿರಲೇಬೇಕು, ಕಿರಣ ಎಬಿ ಮತ್ತು ಕಿರಣ ಬಿಎ ಬೇರೆ ಬೇರೆ; ಆದರೆ ಸಮತಲ ಎಬಿಡಿ, ಸಮತಲ ಡಿಎಬಿ, ಸಮತಲ ಬಿಡಿಎ ಎಲ್ಲವೂ ಒಂದೇ. ನಿಮ್ಮ ಚಿತ್ರದಲ್ಲಿ ಡಿಯೊಂದಿಗೆ ರೇಖೆಯ ಮೇಲಿನ ಯಾವುದಾದರೂ ಎರಡು ಬಿಂದುಗಳನ್ನು ಸೇರಿಸುವುದಕ್ಕೆ ಮೂರು ದಾರಿಗಳಿವೆ, ಪ್ರತಿಯೊಂದನ್ನೂ 6 ಕ್ರಮಗಳಲ್ಲಿ ಬರೆಯಬಹುದು; ಅಲ್ಲಿಗೆ ಸರಿಯಾದ ಮೂರಕ್ಷರದ ಹೆಸರುಗಳು 18 ಆದವು. ಮೂರು ಹೆಸರು ಕೇಳಿದಾಗ ಒಂದನ್ನೇ ತಿರುಗಿಸಿ ಬರೆಯುವುದು ತಪ್ಪಲ್ಲ, ಆದರೆ ಬೇರೆ ಬಿಂದುಗಳನ್ನು ಆರಿಸುವುದು ಒಳ್ಳೆಯದು. ಹಿಂದೆ ‘ಸಮತಲ’ ಎಂಬ ಪದವನ್ನು ಮಾತ್ರ ಬಿಡಬಾರದು; ಬರೀ ಎಬಿಡಿ ಎಂದರೆ ತ್ರಿಭುಜವೋ ಕೋನವೋ ತಿಳಿಯದು.

ಒಂದೇ ಅಕ್ಷರದ ಹೆಸರಿಗೆ ಗ್ರೀಕ್ ಅಕ್ಷರಗಳೂ ಬಳಕೆಯಲ್ಲಿವೆ. ಡೇವಿಡ್ ಹಿಲ್ಬರ್ಟ್ ರೇಖಾಗಣಿತದ ತಳಹದಿಯ ಕುರಿತು 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಂದುಗಳಿಗೆ ದೊಡ್ಡಕ್ಷರ, ರೇಖೆಗಳಿಗೆ ಸಣ್ಣಕ್ಷರ, ಸಮತಲಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಪ್ರತ್ಯೇಕಿಸಿದ್ದಾರೆ. ಎಂಎಡಿಯಂಥ ಗೊಂದಲಕ್ಕೆ ಈ ಪದ್ಧತಿಯಲ್ಲಿ ಆಸ್ಪದವೇ ಇಲ್ಲ, ಶಾಲೆಗಳಲ್ಲೂ ಇದನ್ನೇ ಅನುಸರಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಅದೇ ಹಾಳೆಯ ಹಿಂಬದಿಯಲ್ಲಿ ಒಂದು ಘನವಿದೆ: ಕೆಳಗಿನ ಮುಖ ಎಬಿಸಿಡಿ, ಮೇಲಿನದು ಇಎಫ್‌ಜಿಎಚ್, ಎ ಬಿಂದುವಿನ ನೇರ ಮೇಲೆ ಇ. ‘ಸಮತಲ ಎಬಿಜಿ’ಯಲ್ಲಿರುವ ನಾಲ್ಕನೆಯ ಶೃಂಗ ಯಾವುದು ಎಂದು ಕೇಳಿದ್ದಾರೆ. ಚಿತ್ರದಲ್ಲಿ ಅಂಥ ಮುಖವೇ ಇಲ್ಲವಲ್ಲ? ಹಾಗೆಯೇ, ನಾಲ್ಕು ಅಕ್ಷರಗಳ ಹೆಸರು ನಡೆಯುತ್ತದೆಯೇ?

ಉತ್ತರ 1 (ಶಿಕ್ಷಕಿ)

ಮುಖವಿಲ್ಲ, ಸಮತಲವಿದೆ. ಘನದ ಮುಖಗಳು ಸಮತಲಗಳ ತುಣುಕುಗಳು ಮಾತ್ರ; ಸಮತಲಕ್ಕೆ ಅಂಚಿಲ್ಲ, ಅದು ಘನದ ಒಳಗಿನಿಂದಲೂ ಹಾದುಹೋಗಬಹುದು. ಎ, ಬಿ, ಜಿ ಒಂದೇ ರೇಖೆಯ ಮೇಲಿಲ್ಲದ ಕಾರಣ ಹೆಸರು ಸರಿಯಾಗಿದೆ. ಕೆಳಗಿನ ಎಬಿ ಅಂಚಿಗೆ ಸಮಾಂತರವಾಗಿ ಮೇಲೆ, ಎದುರುಬದಿಯಲ್ಲಿ ಎಚ್‌ಜಿ ಅಂಚಿದೆ. ಎರಡು ಸಮಾಂತರ ರೇಖೆಗಳು ಒಂದೇ ಸಮತಲದಲ್ಲಿರುತ್ತವಾದ್ದರಿಂದ ನಾಲ್ಕನೆಯ ಶೃಂಗ ಎಚ್. ಈ ಸಮತಲ ಘನವನ್ನು ಓರೆಯಾಗಿ ಎರಡು ಸಮಭಾಗಗಳಾಗಿ ಸೀಳುತ್ತದೆ.

ನಾಲ್ಕಕ್ಷರದ ಹೆಸರನ್ನು ಅನೇಕ ಪಠ್ಯಪುಸ್ತಕಗಳು ಒಪ್ಪುತ್ತವೆ, ಆದರೆ ನಾಲ್ಕೂ ಬಿಂದುಗಳು ಒಂದೇ ಸಮತಲದಲ್ಲಿವೆಯೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ‘ಸಮತಲ ಎಬಿಜಿಎಚ್’ ಸರಿ. ‘ಸಮತಲ ಎಬಿಸಿಜಿ’ ಎಂಬುದು ಇಲ್ಲವೇ ಇಲ್ಲ, ಏಕೆಂದರೆ ಎ, ಬಿ, ಸಿ ಕೆಳಗಿನ ಮುಖದಲ್ಲಿದ್ದು ಜಿ ಅದರ ಮೇಲೆ ಎದ್ದು ನಿಂತಿದೆ. ಮುಖದ ಸುತ್ತ ಬರುವ ಕ್ರಮದಲ್ಲೇ ಅಕ್ಷರಗಳನ್ನು ಬರೆಯುವುದು ರೂಢಿ. ಪರೀಕ್ಷೆಯಲ್ಲಿ ಅನುಮಾನವಿದ್ದರೆ ಮೂರಕ್ಷರದ ಹೆಸರನ್ನೇ ಬರೆಯಲಿ.