ಸ್ಟಾಂಪ್ ಪೇಪರ್ ಮೇಲೆ ಮಗು ಬಿಟ್ಟುಕೊಡಲು ಆಗಲ್ಲ

ದೊಡ್ಡಣ್ಣ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಪತ್ರ ಓದಿದೆ. ಟೈಪ್ ಮಾಡುತ್ತಾ ಕೂತರೆ ಸಾಯಂಕಾಲ ಆಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ‘ಮಗುವಿನ ಮೇಲಿನ ಸಕಲ ಹಕ್ಕುಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ, ಇನ್ನು ಜೀವನಾಂಶಕ್ಕೂ ನನಗೂ ಸಂಬಂಧ ಇರುವುದಿಲ್ಲ’ ಅಂತ ನಿನ್ನ ಮಗ ಬರೆಸಿದ್ದಾನೆ. ಕೆಳಗೆ ಇಬ್ಬರು ಸಾಕ್ಷಿ ಬೇರೆ! ಮಂಡ್ಯದಲ್ಲಿ ಯಾರು ಬರೆದುಕೊಟ್ಟರೋ, ಜಮೀನಿನ ಹಕ್ಕು ಖುಲಾಸೆ ಪತ್ರದಲ್ಲಿ ಸರ್ವೆ ನಂಬರ್ ತೆಗೆದು ಪಾಪು ಹೆಸರು ತುಂಬಿದ ಹಾಗಿದೆ.

ಅದು ನಡೆಯಲ್ಲ ಅಣ್ಣ. ಕೋರ್ಟ್ ಪಾಪುಗೆ ಅಂತ ಹೇಳಿರುವ ತಿಂಗಳ 8 ಸಾವಿರ ಸೊಸೆಯ ದುಡ್ಡಲ್ಲ, ಮಗುವಿನದು. ಮಗುವಿಗೆ ಸೇರಿದ್ದನ್ನು ಇವನು ಹೇಗೆ ಬಿಡುತ್ತಾನೆ? ಸೊಸೆಯೇ ‘ಬೇಡ’ ಅಂತ ಸಹಿ ಹಾಕಿದರೂ ಅಷ್ಟೇ, ನಾಳೆ ಮಗುವಿನ ಪರವಾಗಿ ಕೇಳಬಹುದು. ಜೀವನಾಂಶದ ಕಾನೂನು ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಅಂತಿದ್ದದ್ದು 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ, ಕಾನೂನು ಹೆಚ್ಚುಕಮ್ಮಿ ಅದೇ. ಕಾರಣ ಇಲ್ಲದೆ ಕೊಡದಿದ್ದರೆ ವಾರಂಟ್ ಬರುತ್ತದೆ. ಆಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ನಮ್ಮ ವಕೀಲರ ಆಫೀಸಿನಲ್ಲಿ ಇಂಥ ಫೈಲ್ ದಿನಾ ನೋಡುತ್ತೇನೆ.

ಅಮೆರಿಕದಲ್ಲಿರುವ ಹುಡುಗ ‘ನಮ್ಮ ಅಮೆರಿಕದಲ್ಲಿ ಹಕ್ಕು ಬರೆದುಕೊಟ್ಟರೆ ಮುಗೀತು’ ಅಂದನಲ್ಲ, ಅಲ್ಲೂ ಕೋರ್ಟ್ ಒಪ್ಪಬೇಕು. ದುಡ್ಡು ತಪ್ಪಿಸಿಕೊಳ್ಳಲು ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೇ ಬಾಕಿಯಂತೂ ಹಾಗೇ ಇರುತ್ತದೆ.

ನಮ್ಮಲ್ಲಿ ಸಂಬಂಧ ಕಡಿಯುವುದು ದತ್ತು ಕೊಟ್ಟಾಗ. ಸೊಸೆ ಮುಂದೆ ಮದುವೆಯಾಗಿ, ಆ ಗಂಡ ಕಾನೂನು ಪ್ರಕಾರ ಪಾಪುವನ್ನು ದತ್ತು ತೆಗೆದುಕೊಂಡರೆ ಹೊಣೆ ಅವನದು. ಆದರೆ ಆಮೇಲೆ ನಿನ್ನ ಮಗ ಅಪ್ಪ ಅಲ್ಲ, ನೀನೂ ತಾತ ಅಲ್ಲ. ಅತ್ತಿಗೆಯನ್ನು ಒಂದು ಮಾತು ಕೇಳಿದ್ದೀಯಾ? ಅವರು ಇನ್ನೂ ಪಾಪು ಸ್ವೆಟರ್ ಹೆಣೆಯುತ್ತಾ ಇದ್ದಾರೆ.

ಮಗುವನ್ನು ನೋಡಲು ಬಿಡುತ್ತಿಲ್ಲ ಅನ್ನುವ ಸಿಟ್ಟಿದ್ದರೆ ಅದಕ್ಕೆ ಭೇಟಿಯ ಅರ್ಜಿ ಬೇರೆ ಇದೆ. ಅದಕ್ಕೂ ದುಡ್ಡಿಗೂ ಗಂಟು ಹಾಕಬೇಡಿ. ಫ್ಯಾಕ್ಟರಿಯಲ್ಲಿ ಓಟಿ ನಿಂತು ಸಂಬಳ ಕಮ್ಮಿ ಆಗಿದ್ದರೆ, ಅದನ್ನೇ ಹೇಳಿ ಮೊತ್ತ ಇಳಿಸಿ ಅಂತ ಕೋರ್ಟನ್ನೇ ಕೇಳಬಹುದು. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸಾಲದ ಕಂತಿನ ರಸೀದಿ ತಗೊಂಡು ಸೋಮವಾರ ಆಫೀಸಿಗೆ ಬರಲಿ. ಅಲ್ಲಿಯವರೆಗೆ ಕೈಲಾದಷ್ಟು ಸೊಸೆ ಖಾತೆಗೇ ಹಾಕಲಿ, ಕೈಗೆ ಕೊಟ್ಟರೆ ಲೆಕ್ಕ ತೋರಿಸಲು ಆಗಲ್ಲ.