ಕರ್ನಾಟಕ ಸಂಗೀತ ಕಲಿತ ಗಂಟಲಿಗೆ ಸಿಂಥ್-ಪಾಪ್ ಒಗ್ಗುತ್ತದಾ?

ಪ್ರಶ್ನೆ (ಮಂಡ್ಯ): ಅಕ್ಕ, ನಾನು ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪಾಸಾಗಿದ್ದೇನೆ. ಲ್ಯಾಪ್‌ಟಾಪ್‌ನಲ್ಲೇ ಸಿಂಥ್ (ಸಿಂಥಸೈಜರ್, ಎಲೆಕ್ಟ್ರಾನಿಕ್ ವಾದ್ಯ) ಟ್ರ್ಯಾಕ್ ಮಾಡಿಕೊಂಡು ಕನ್ನಡದಲ್ಲಿ ಹಾಡಬೇಕು ಅಂತ ಆಸೆ. ಒಬ್ಬ ರೆಕಾರ್ಡಿಸ್ಟ್ ಕೇಳಿ, "ನಿನ್ನ ಗಂಟಲು ಇದಕ್ಕೆ ಭಾರ, ಗಮಕ ಎಲ್ಲ ಬಿಟ್ಟುಬಿಡು" ಅಂದರು. ಹೌದಾ?

ಉತ್ತರ (ಮೈಸೂರು, ಗಾಯಕಿ ಮತ್ತು ಸೌಂಡ್ ಎಂಜಿನಿಯರ್): ಬಿಡಬೇಡಮ್ಮ. ಇಂಗ್ಲೆಂಡಿನ ಅಲಿಸನ್ ಮೊಯೆಟ್ ಹಾಡುತ್ತಿದ್ದುದು ಬ್ಲೂಸ್. ದಪ್ಪ, ತುಂಬಿದ ಗಂಟಲು. ಬ್ಲೂಸ್ ಬ್ಯಾಂಡ್ ಬೇಕು ಅಂತ ಪತ್ರಿಕೆಗೆ ಜಾಹೀರಾತು ಕೊಟ್ಟರು. ಅದನ್ನು ನೋಡಿ ಫೋನ್ ಮಾಡಿದ್ದು ಡಿಪೆಷ್ ಮೋಡ್ ಬ್ಯಾಂಡ್ ಬಿಟ್ಟು ಬಂದಿದ್ದ ಸಿಂಥ್ ವಾದಕ ವಿನ್ಸ್ ಕ್ಲಾರ್ಕ್. ಇಬ್ಬರೇ ಸೇರಿ 'ಯಾಜೂ' ಅನ್ನೋ ಬ್ಯಾಂಡ್ ಮಾಡಿದರು. 1982ರಲ್ಲಿ ಇವರ 'ಓನ್ಲಿ ಯೂ' ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಮರುವರ್ಷ ಜೋಡಿ ಮುರಿಯಿತು. 1984ರಲ್ಲಿ ಮೊಯೆಟ್ 'ಆಲ್ಫ್' ಅನ್ನೋ ಆಲ್ಬಂ ಒಬ್ಬರೇ ತಂದು ಗೆದ್ದರು. 'ಓನ್ಲಿ ಯೂ' ಕೇಳು. ಸಿಂಥ್ ಕಡ್ಡಿಯ ಹಾಗೆ ನೇರ ಹೋಗುತ್ತದೆ, ಅದಕ್ಕೇ ಅವರ ಉಸಿರಿನ ಬಿಸಿ ಅಷ್ಟು ತಾಗುತ್ತದೆ.

ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿ ಎಳೆಯೋದರಲ್ಲಿ, ತೊಡಕು ಇರೋದು ಒಂದೇ ಕಡೆ. ಪ್ಯಾಡ್ (ಸಿಂಥ್‌ನ ಎಳೆದು ನಿಲ್ಲುವ ನಾದ) ನೀಳವಾಗಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಹಿಡಿದು ನಿಂತಾಗ ತೋಡಿ ರಾಗದ ಗಾಂಧಾರ ಎಳೆದರೆ ಎರಡೂ ಜಗಳಕ್ಕೆ ಬೀಳುತ್ತವೆ. ಅಲ್ಲಿ ಕಾರ್ಡ್‌ನಿಂದ ಗಾಂಧಾರ ತೆಗೆದುಬಿಡು. ತಂಬೂರಿಯ ಹಾಗೆ ಸ-ಪ ಮಾತ್ರ ಸಾಕು. ಶುರುವಿಗೆ ಮೋಹನ, ಹಂಸಧ್ವನಿ ರಾಗ ಸುಲಭ. ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋ-ಟ್ಯೂನ್‌ನಲ್ಲಿ ರೀಟ್ಯೂನ್ ಸ್ಪೀಡ್ ಸೊನ್ನೆಗೆ ಇಡಲೇಬೇಡ, ಸ್ವರವನ್ನು ತಕ್ಷಣ ತಿದ್ದಿಬಿಡುತ್ತದೆ. ಜಾರು ಹೋಗಿ ಮೆಟ್ಟಿಲಾಗುತ್ತದೆ. ನಿನ್ನ ರೆಕಾರ್ಡಿಸ್ಟ್‌ಗೆ ಗಂಟಲು ಭಾರ ಅನಿಸಿದ್ದು ಇದರಿಂದಲೇ ಇರಬಹುದು ಅಲ್ವಾ?

ಪ್ರಶ್ನೆ: ಹೌದಕ್ಕ, ಅವರು ಸೊನ್ನೆಗೇ ಇಟ್ಟಿದ್ದರು! ಇನ್ನೊಂದು ಕೇಳಲಾ? ಒಂದು ಕಂಪನಿಯವರು ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಹಕ್ಕೂ ಬರೆಸಿಕೊಳ್ಳುತ್ತಾರಂತೆ. ಸಹಿ ಹಾಕಲಾ?

ಉತ್ತರ: ಸುಮ್ನೆ ಹಾಕಬೇಡ, ದಯವಿಟ್ಟು. ಹಾಡು ಬರೆದವರು, ಸಂಗೀತ ಹಾಕಿದವರು ರಾಯಲ್ಟಿಯಲ್ಲಿ ತಮ್ಮ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗಿಲ್ಲ. 2012ರ ಕಾಪಿರೈಟ್ ತಿದ್ದುಪಡಿಯಲ್ಲೇ ಅದು ಇದೆ. ನೀನೇ ಬರೆದು ಸ್ವರ ಹಾಕುವವಳು, ಹಾಡು ಬರೆದವರ, ಸಂಗೀತ ಹಾಕಿದವರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್‌ ಸದಸ್ಯಳಾಗು. ಮಾಸ್ಟರ್ ರೆಕಾರ್ಡಿಂಗ್ (ಹಾಡಿನ ಮೂಲ ಧ್ವನಿಮುದ್ರಣ) ಲೆಕ್ಕವೇ ಬೇರೆ, ಅದು ಸಹಿ ಹಾಕಿದರೆ ಹೋಯಿತು. ಕೊಡಲೇಬೇಕಾದರೆ ಎಷ್ಟು ವರ್ಷಕ್ಕೆ ಅಂತ ಬರೆಸು. ಸ್ವೀಡನ್ನಿನ ಪಾಪ್ ಗಾಯಕಿ ರಾಬಿನ್ ತನ್ನ ಕಂಪನಿ ಬಿಟ್ಟು 2005ರಲ್ಲಿ ಸ್ವಂತ ಲೇಬಲ್ ಕಟ್ಟಿದರು. 2010ರ 'ಬಾಡಿ ಟಾಕ್' ಆಲ್ಬಂ ಬಂದಿದ್ದು ಅಲ್ಲಿಂದಲೇ.

ಆಟೋ-ಟ್ಯೂನ್ ಹಾಕದ ಎರಡು ಸಾಲು ಕಳಿಸು. ಇಲ್ಲಾ ಶನಿವಾರ ಬಸ್ ಹತ್ತಿ ಬಂದುಬಿಡು, ಕೂತು ಕೇಳೋಣ.